‘ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳಿದರೆ ‘ಬೇಡ’ ಎನ್ನಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಡಿಸ್ಕ್ ತೆರೆಯುತ್ತಿಲ್ಲ, ಪಾರ್ಟಿಷನ್ (ಡಿಸ್ಕನ್ನು ಹಂಚಿ ಮಾಡಿದ ಭಾಗ) ಕಾಣುತ್ತಿಲ್ಲ, ಒಳಗಿದ್ದ ಫೈಲುಗಳು ಬೇಕೇ ಬೇಕು. ಡಿಸ್ಕ್ ಹೋಯಿತೆಂದು ಯಾರೂ ಬೇಸರ ಮಾಡಿಕೊಂಡಿಲ್ಲ. ಮಗುವಿನ ಮೊದಲ ವರ್ಷದ ಫೋಟೋ, ಈಗಿಲ್ಲದ ತಾಯಿಯ ದನಿಯ ರೆಕಾರ್ಡಿಂಗ್, ಮುಗಿಯುತ್ತ ಬಂದಿದ್ದ ಪ್ರಬಂಧ ಎಂದು ಬರೆದಿದ್ದಾರೆ. ಓದುವಾಗ ನನಗೂ ಕಷ್ಟವಾಯಿತು. ಹಾಗಾಗಿ ಅಂಕಣದ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ನಿಮ್ಮ ಪ್ರಶ್ನೆ ಬೇರೆಯಾಗಿದ್ದರೂ ಅದನ್ನು ಓದಿಯೇ ಮುಂದೆ ಹೋಗಿ. ಉಳಿದ ಉತ್ತರಗಳು ಅದರ ಮೇಲೆಯೇ ನಿಂತಿವೆ.

ಪ್ರಶ್ನೆ: ನನ್ನ ಬಳಿ 1 ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಎರಡು ಪಾರ್ಟಿಷನ್. ಎರಡನೆಯದರಲ್ಲಿ ಮನೆಯವರ ಫೋಟೋಗಳು ಮತ್ತು ನನ್ನ ಪಿಎಚ್‌ಡಿ ಕರಡುಗಳಿದ್ದವು. ಫೈಲ್ ಕಾಪಿ ಆಗುತ್ತಿರುವಾಗಲೇ ಕೇಬಲ್ ಕಳಚಿಕೊಂಡಿತು. ಈಗ ಮೊದಲ ಪಾರ್ಟಿಷನ್ ತೆರೆಯುತ್ತದೆ. ಎರಡನೆಯದನ್ನು ಕ್ಲಿಕ್ ಮಾಡಿದರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಪ್ರಾಪರ್ಟೀಸ್ ನೋಡಿದರೆ ಫೈಲ್ ಸಿಸ್ಟಮ್ ಜಾಗದಲ್ಲಿ ‘ರಾ’ ಎಂದಿದೆ. ಒಬ್ಬ ಗೆಳೆಯ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸು ಎನ್ನುತ್ತಾನೆ. ಇನ್ನೊಬ್ಬ ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕು ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಆ ಕಿಟಕಿಯಲ್ಲಿ ‘ಕ್ಯಾನ್ಸಲ್’ ಒತ್ತಿ, ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಪಕ್ಕಕ್ಕಿಡಿ. ಮೊದಲ ಪಾರ್ಟಿಷನ್ ತೆರೆಯುತ್ತಿದೆಯಲ್ಲ ಎಂದು ಅದನ್ನು ಬಳಸುತ್ತಲೂ ಕೂರಬೇಡಿ.

ನಿಮ್ಮ ವಿವರಣೆ ಓದಿದರೆ ಆಸೆ ಇಟ್ಟುಕೊಳ್ಳಲು ಕಾರಣವಿದೆ. ಎರಡನೆಯ ಪಾರ್ಟಿಷನ್‌ಗೆ ಇನ್ನೂ ಡ್ರೈವ್ ಅಕ್ಷರ ಬರುತ್ತಿದೆ. ಅಂದರೆ ಅದು ಎಲ್ಲಿ ಶುರುವಾಗುತ್ತದೆ, ಎಷ್ಟು ದೊಡ್ಡದು ಎಂಬುದು ಕಂಪ್ಯೂಟರಿಗೆ ಗೊತ್ತಿದೆ. ಒಳಗೆ ಹೋದಾಗ ಮಾತ್ರ ‘ಇದು ಯಾವ ಫೈಲ್ ಸಿಸ್ಟಮ್’, ಅಂದರೆ ಫೈಲುಗಳನ್ನು ಜೋಡಿಸಿಟ್ಟ ಪದ್ಧತಿ ಯಾವುದು ಎಂದು ತಿಳಿಯುತ್ತಿಲ್ಲ. ವಿಂಡೋಸ್‌ನಲ್ಲಿ ‘ರಾ’ ಎಂದರೆ ಅಷ್ಟೇ. ಖಾಲಿ ಎಂದು ಅರ್ಥವಲ್ಲ.

ನಿಮ್ಮ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಬಳಸುವ ಫೈಲ್ ಸಿಸ್ಟಮ್) ಆಗಿದ್ದರೆ, ಪಾರ್ಟಿಷನ್‌ನ ಮೊದಲ ಸೆಕ್ಟರಿನಲ್ಲಿ (ಡಿಸ್ಕ್ ಓದುವ ಅತಿ ಚಿಕ್ಕ ತುಣುಕು) ಬೂಟ್ ಸೆಕ್ಟರ್ ಇರುತ್ತದೆ. ಒಂದು ಕ್ಲಸ್ಟರ್ (ಸೆಕ್ಟರುಗಳ ಗುಂಪು) ಎಷ್ಟು ದೊಡ್ಡದು, ಎಂಎಫ್‌ಟಿ ಎಲ್ಲಿದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಎಂಎಫ್‌ಟಿ ಎಂದರೆ ಪ್ರತಿ ಫೈಲಿನ ಹೆಸರು, ಗಾತ್ರ, ಜಾಗ ಇರುವ ದೊಡ್ಡ ಪಟ್ಟಿ. ಒಂದೊಂದು ಫೈಲಿಗೆ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ. ಈ ಫೈಲ್ ಸಿಸ್ಟಮ್ ರೂಪಿಸಿದವರು ಮುಂದಾಲೋಚನೆಯಿಂದ ಎರಡು ಕೆಲಸ ಮಾಡಿದ್ದಾರೆ. ಬೂಟ್ ಸೆಕ್ಟರಿನ ಒಂದು ಪ್ರತಿಯನ್ನು ಪಾರ್ಟಿಷನ್‌ನ ಕೊನೆಯ ಸೆಕ್ಟರಿನಲ್ಲಿ ಇಟ್ಟಿದ್ದಾರೆ. ಎಂಎಫ್‌ಟಿಯ ಮೊದಲ ನಾಲ್ಕು ದಾಖಲೆಗಳ ಪ್ರತಿಯನ್ನೂ ಬೇರೆ ಕಡೆ ಇಟ್ಟಿದ್ದಾರೆ. ಕೇಬಲ್ ಕಳಚಿದಾಗ ಮುಂದಿನದು ಹಾಳಾದರೂ ಹಿಂದಿನದು ಸಾಮಾನ್ಯವಾಗಿ ಉಳಿದಿರುತ್ತದೆ.

ಈಗ ಗೆಳೆಯರ ಸಲಹೆಗೆ ಬರೋಣ. ಪಾರ್ಟಿಷನ್ ‘ರಾ’ ಎಂದು ತೋರಿಸುವಾಗ ಚೆಕ್‌ಡಿಸ್ಕ್ ಓಡುವುದೇ ಇಲ್ಲ, ‘ರಾ ಡ್ರೈವ್‌ಗಳಿಗೆ ಆಗುವುದಿಲ್ಲ’ ಎಂದು ನಿಲ್ಲುತ್ತದೆ. ಅರೆಬರೆ ಹಾಳಾದ ಎನ್‌ಟಿಎಫ್‌ಎಸ್ ಮೇಲೆ ಅದು ಓಡುತ್ತದೆ, ಅಪಾಯ ಇರುವುದು ಅಲ್ಲಿ. ಅದರ ಕೆಲಸ ಫೈಲ್ ಸಿಸ್ಟಮನ್ನು ಮತ್ತೆ ಹೊಂದಿಕೆಯ ಸ್ಥಿತಿಗೆ ತರುವುದು. ಹೊಂದದ ದಾಖಲೆ ಕಂಡರೆ ತೆಗೆದುಹಾಕುತ್ತದೆ. ನಿಮ್ಮ ಕರಡು ಆ ಹೊಂದದ ದಾಖಲೆಯಲ್ಲೇ ಇದ್ದರೆ? ಫಾರ್ಮ್ಯಾಟ್ ಮಾಡಿ ಆಮೇಲೆ ಹುಡುಕು ಎನ್ನುವುದು ಇನ್ನೂ ಕೆಟ್ಟ ಸಲಹೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ‘ಕ್ವಿಕ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಪಾರ್ಟಿಷನ್ ಉದ್ದಕ್ಕೂ ಸೊನ್ನೆ ಬರೆಯಲಾಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರೂ ಏನನ್ನೂ ತರಲಾರದು. ಒಂದು ಚಿಕ್ಕ ಟಿಕ್ ಗುರುತಿನ ಮೇಲೆ ನಿಮ್ಮ ಪ್ರಬಂಧ ನಿಂತಿರುತ್ತದೆ. ಅಷ್ಟು ದೊಡ್ಡ ಅಪಾಯ ಸುಮ್ನೆ ಯಾಕೆ ತೆಗೆದುಕೊಳ್ಳಬೇಕು?

ನಾನು ಮಾಡುವ ಕ್ರಮ ಹೀಗಿದೆ. ಮೊದಲು ಡಿಸ್ಕಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸುತ್ತೇನೆ: ‘ಮೂಲ – ಓದಲು ಮಾತ್ರ’. ಎರಡು ಡಿಸ್ಕ್ ಒಂದೇ ತರಹ ಕಾಣುವಾಗ ಈ ಪಟ್ಟಿ ತುಂಬ ಉಪಯೋಗಕ್ಕೆ ಬರುತ್ತದೆ. ಆಮೇಲೆ ಜೋಡಿಸಿ, ಕಿವಿಗೊಟ್ಟು ಕೇಳುತ್ತೇನೆ. ಸದ್ದು ಎಂದಿನಂತೆ ಇದೆಯೇ? ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದೆಯೇ? ಬಡಿಯುತ್ತಿದ್ದರೆ ತಕ್ಷಣ ನಿಲ್ಲಿಸಬೇಕು. ಅದರ ಬಗ್ಗೆ ಕೆಳಗೆ ಬೇರೆ ಉತ್ತರ ಇದೆ. ಸದ್ದು ಸರಿಯಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಡಿಸ್ಕಿನ ಆರೋಗ್ಯ ನೋಡುತ್ತೇನೆ. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನಲ್ಲಿ ಸೊನ್ನೆಗಿಂತ ಜಾಸ್ತಿ ಇದ್ದರೆ ಡಿಸ್ಕಿಗೆ ಓದಲಾಗದ ಜಾಗಗಳಿವೆ ಎಂದರ್ಥ. ಆಗ ಕೇಬಲ್ ಮಾತ್ರ ಕಾರಣವಲ್ಲ, ಡಿಸ್ಕೇ ಸೋಲುತ್ತಿದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇಡೀ ಡಿಸ್ಕಿನ ನಕಲು ತೆಗೆಯಬೇಕು. ಬರೀ ಫೈಲುಗಳದ್ದಲ್ಲ, ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದು ಇದ್ದಂತೆ. ಇದನ್ನು ಇಮೇಜ್ ಎನ್ನುತ್ತಾರೆ. ನಾನು ಬಳಸುವುದು ಗ್ನೂ ಡಿಡಿರೆಸ್ಕ್ಯೂ. ಅದು ಲಿನಕ್ಸ್‌ನಲ್ಲಿ ಓಡುತ್ತದೆ. ಲಿನಕ್ಸ್ ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಬೇಕಾದ ಸಾಧನಗಳೆಲ್ಲ ಅದರಲ್ಲೇ ಇವೆ. ವಿಂಡೋಸ್ ಹಾಗೆ ಅದು ತಾನಾಗಿ ನಿಮ್ಮ ಡಿಸ್ಕಿಗೆ ಏನನ್ನೂ ಬರೆಯಲು ಹೋಗುವುದಿಲ್ಲ.

ಡಿಡಿರೆಸ್ಕ್ಯೂ ನನಗೆ ಇಷ್ಟವಾಗುವುದು ಅದು ಕೆಲಸ ಮಾಡುವ ರೀತಿಗೆ. ಮಾಮೂಲಿ ಕಾಪಿ ಕೆಟ್ಟ ಜಾಗ ಬಂದ ಕೂಡಲೇ ನಿಂತುಬಿಡುತ್ತದೆ. ಇಲ್ಲವೇ ಅಲ್ಲೇ ಮತ್ತೆ ಮತ್ತೆ ಓದಲು ಹೋಗಿ, ದುರ್ಬಲವಾದ ಡಿಸ್ಕನ್ನು ಇನ್ನಷ್ಟು ಸುಸ್ತು ಮಾಡುತ್ತದೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಚೆನ್ನಾಗಿರುವ ಜಾಗಗಳನ್ನೆಲ್ಲ ಬೇಗ ಬೇಗ ಎತ್ತಿಕೊಳ್ಳುತ್ತದೆ. ತೊಡಕಿನ ಜಾಗ ಬಂದರೆ ದಾಟಿ ಮುಂದೆ ಹೋಗುತ್ತದೆ. ಸುಲಭದ್ದೆಲ್ಲ ಕೈಗೆ ಬಂದ ಮೇಲೆ ಬಿಟ್ಟು ಬಂದ ಜಾಗಗಳಿಗೆ ಮರಳುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ‘ಮ್ಯಾಪ್‌ಫೈಲ್’ ಎಂಬ ಚಿಕ್ಕ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಆ ಫೈಲನ್ನು ಮಾತ್ರ ಅಳಿಸಬೇಡಿ.

ಎರಡು ಎಚ್ಚರಿಕೆ. ಆಜ್ಞೆ ಬರೆಯುವಾಗ ಮೊದಲು ಮೂಲ, ಆಮೇಲೆ ನಕಲು. ಇದು ಅದಲು ಬದಲಾದರೆ ಖಾಲಿ ಡಿಸ್ಕು ನಿಮ್ಮ ಫೋಟೋಗಳ ಮೇಲೆ ಬರೆಯಲ್ಪಡುತ್ತದೆ. ಡಿಸ್ಕಿನ ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಮೂರನ್ನೂ ಕಾಗದದಲ್ಲಿ ಬರೆದುಕೊಂಡು, ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿ. ಇನ್ನೊಂದು, ನಕಲು ಹೋಗುವ ಡಿಸ್ಕು ಮೂಲಕ್ಕಿಂತ ದೊಡ್ಡದಿರಲಿ. 1 ಟೆರಾಬೈಟಿನ ಡಿಸ್ಕಿಗೆ 2 ಟೆರಾಬೈಟಿನದು ಇಟ್ಟುಕೊಳ್ಳಿ. ಅದರ ಫೈಲ್ ಸಿಸ್ಟಮ್ ಹಳೆಯ ಫ್ಯಾಟ್32 ಆಗಿದ್ದರೆ ಒಂದು ಫೈಲು 4 ಜಿಬಿ ದಾಟಲು ಬಿಡುವುದಿಲ್ಲ, ಇಮೇಜ್ ಅಲ್ಲೇ ನಿಂತುಹೋಗುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಡಿಸ್ಕ್ ಆರೋಗ್ಯವಾಗಿದ್ದು ಸೆಕೆಂಡಿಗೆ 100 ಎಂಬಿ ಓದಿದರೆ 1 ಟೆರಾಬೈಟಿಗೆ ಮೂರು ಗಂಟೆಯ ಹತ್ತಿರ ಬೇಕು. ಹಳೆಯ ಯುಎಸ್‌ಬಿ 2 ಪೋರ್ಟ್ ಆದರೆ ಎಂಟೊಂಬತ್ತು ಗಂಟೆ. ಕಾಯಿರಿ.

ನಕಲು ಸಿಕ್ಕಿತೇ? ಮೂಲ ಡಿಸ್ಕನ್ನು ಬಿಡಿಸಿ ಎತ್ತಿಡಿ. ಇನ್ನು ಮುಂದಿನದೆಲ್ಲ ನಕಲಿನ ಮೇಲೆ.

ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದದ್ದು, ಕೋಡ್ ಕೂಡ ಎಲ್ಲರಿಗೂ ಮುಕ್ತ. ನೋಡಲು ಹಳೆಯ ಕಾಲದ ಕಪ್ಪು ಪರದೆ, ಮೌಸ್ ನಡೆಯುವುದಿಲ್ಲ. ಹೆದರಬೇಡಿ. ಇಮೇಜ್ ಫೈಲಿನ ಹೆಸರು ಕೊಟ್ಟು ಶುರು ಮಾಡಿ. ಪಾರ್ಟಿಷನ್ ಟೇಬಲ್ (ಪಾರ್ಟಿಷನ್‌ಗಳ ಗಡಿ ಬರೆದಿರುವ ಪಟ್ಟಿ) ಯಾವ ಬಗೆಯದು ಎಂದು ಅದೇ ಊಹಿಸಿ ತೋರಿಸುತ್ತದೆ, ಒಪ್ಪಿಕೊಳ್ಳಿ. ‘ಅಡ್ವಾನ್ಸ್ಡ್’ ಆರಿಸಿ, ಎರಡನೆಯ ಪಾರ್ಟಿಷನ್ ಮೇಲೆ ನಿಂತು ‘ಬೂಟ್’ ಒತ್ತಿ. ಬೂಟ್ ಸೆಕ್ಟರ್ ಮತ್ತು ಅದರ ಬ್ಯಾಕಪ್ ಎರಡರ ಸ್ಥಿತಿಯೂ ಅಲ್ಲಿ ಕಾಣುತ್ತದೆ. ಮೊದಲನೆಯದು ‘ಬ್ಯಾಡ್’, ಎರಡನೆಯದು ‘ಓಕೆ’ ಎಂದಿದ್ದರೆ ‘ಬ್ಯಾಕಪ್ ಬಿಎಸ್’ ಆರಿಸಿ. ಕೊನೆಯ ಸೆಕ್ಟರಿನ ಪ್ರತಿ ಮುಂದಕ್ಕೆ ಬರುತ್ತದೆ. ಎರಡೂ ಹಾಳಾಗಿದ್ದರೆ ‘ರೀಬಿಲ್ಡ್ ಬಿಎಸ್’. ಬೂಟ್ ಸೆಕ್ಟರ್ ಸರಿಯಿದ್ದೂ ಫೈಲ್ ಕಾಣದಿದ್ದರೆ ‘ರಿಪೇರ್ ಎಂಎಫ್‌ಟಿ’ ಇದೆ.

ಆಮೇಲೆ ‘ಲಿಸ್ಟ್’ ಒತ್ತಿ ನೋಡಿ. ನಿಮ್ಮ ಫೋಲ್ಡರುಗಳ ಹೆಸರು ಅಲ್ಲಿ ಕಂಡರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಂತೆ. ‘ಎ’ ಒತ್ತಿದರೆ ಎಲ್ಲವೂ ಆಯ್ಕೆಯಾಗುತ್ತವೆ, ದೊಡ್ಡಕ್ಷರದ ‘ಸಿ’ ಒತ್ತಿದರೆ ಕಾಪಿ ಆಗುತ್ತವೆ. ಮೂಲವೂ ಅಲ್ಲದ, ಇಮೇಜೂ ಅಲ್ಲದ ಮೂರನೆಯ ಜಾಗಕ್ಕೆ ಕಾಪಿ ಮಾಡಿ. ಮೊದಲು ಪ್ರಬಂಧ, ಆಮೇಲೆ ಫೋಟೋ, ಸಿನಿಮಾ ಇದ್ದರೆ ಕೊನೆಗೆ. ಕಾಪಿ ಆದ ಫೈಲುಗಳಲ್ಲಿ ಕೆಲವನ್ನು ತೆರೆದೂ ನೋಡಿ. ಹೆಸರು ಮತ್ತು ಗಾತ್ರ ಸರಿಯಿದ್ದು ಒಳಗೆ ಕೆಟ್ಟಿರುವುದು ಸಾಧ್ಯ.

ಇದರಿಂದ ಆಗದಿದ್ದರೆ ಡಿಎಂಡಿಇ ಅಥವಾ ಆರ್-ಸ್ಟುಡಿಯೊದಂಥ ಸಾಫ್ಟ್‌ವೇರ್ ಇವೆ. ಅವು ಡಿಸ್ಕಿನ ಉದ್ದಕ್ಕೂ ಚೆಲ್ಲಿರುವ ಎಂಎಫ್‌ಟಿ ದಾಖಲೆಗಳನ್ನು ಹುಡುಕಿ ಫೋಲ್ಡರುಗಳನ್ನು ಮತ್ತೆ ಕಟ್ಟುತ್ತವೆ. ಅದಕ್ಕೂ ಆಗದಿದ್ದರೆ ಮಾತ್ರ ಫೋಟೋರೆಕ್, ಪಟ್ಟಿಯನ್ನೇ ನೋಡದೆ ಫೈಲು ಹುಡುಕುವ ಸಾಫ್ಟ್‌ವೇರ್.

ಪ್ರಶ್ನೆ: ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಬೇರೆ ಪಾರ್ಟಿಷನ್ ಎಂದುಕೊಂಡು ಬೇಕಾದದ್ದನ್ನೇ ಡಿಲೀಟ್ ಮಾಡಿದೆ. ಗಾಬರಿಯಲ್ಲಿ ಅದೇ ಗಾತ್ರದ ಹೊಸ ಪಾರ್ಟಿಷನ್ ಮಾಡಿ ಕ್ವಿಕ್ ಫಾರ್ಮ್ಯಾಟ್ ಕೂಡ ಮಾಡಿಬಿಟ್ಟೆ. ಎಲ್ಲ ಮುಗಿಯಿತೇ?

ಉತ್ತರ: ಮುಗಿದಿಲ್ಲ, ಆಮೇಲೆ ಅದಕ್ಕೆ ಹೊಸ ಫೈಲ್ ತುಂಬಿಸಿಲ್ಲ ಎಂದಾದರೆ.

ಡಿಲೀಟ್ ಮಾಡಿದಾಗ ಹೋದದ್ದು ಬಹಳ ಚಿಕ್ಕದು. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳ ಒಳಗೇ ಪಾರ್ಟಿಷನ್ ಟೇಬಲ್ ಇರುತ್ತದೆ. ಒಂದೊಂದು ಪಾರ್ಟಿಷನ್‌ಗೆ 16 ಬೈಟ್, ಒಟ್ಟು ನಾಲ್ಕಕ್ಕೆ 64 ಬೈಟ್. ‘ಇಲ್ಲಿಂದ ಶುರು, ಇಷ್ಟು ಉದ್ದ’ ಎಂದಷ್ಟೇ ಅದರಲ್ಲಿರುವುದು. ಹೊಲದ ಬಾಂದುಕಲ್ಲು ಕಿತ್ತರೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಹಾಗೆಯೇ ಇದು. ಹೊಸ ಜಿಪಿಟಿ ಪದ್ಧತಿಯಲ್ಲಿ ಈ ಟೇಬಲ್ಲಿನ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲೂ ಇರುತ್ತದೆ. ಮುಂದಿನದು ಅಕಸ್ಮಾತ್ ಹಾಳಾದರೆ ಅದರಿಂದ ಸರಿಪಡಿಸಬಹುದು. ನೀವೇ ಡಿಲೀಟ್ ಮಾಡಿದರೆ ಮಾತ್ರ ಎರಡೂ ಕಡೆ ಅಳಿಯುತ್ತದೆ. ಬರೀ ಡಿಲೀಟ್ ಮಾಡಿ ಸುಮ್ಮನಿದ್ದಿದ್ದರೆ ಟೆಸ್ಟ್‌ಡಿಸ್ಕ್‌ನ ‘ಅನಲೈಸ್’ ಹಳೆಯ ಗಡಿಗಳನ್ನು ಹುಡುಕಿ ಮತ್ತೆ ಬರೆಯುತ್ತಿತ್ತು.

ನಿಮ್ಮದರಲ್ಲಿ ಕ್ವಿಕ್ ಫಾರ್ಮ್ಯಾಟ್ ಕೂಡ ಆಗಿದೆ. ಅದು ಹೊಸ ಬೂಟ್ ಸೆಕ್ಟರ್, ಹೊಸ ಎಂಎಫ್‌ಟಿಯ ಆರಂಭದ ಭಾಗ, ಇನ್ನೂ ಕೆಲವು ಚಿಕ್ಕ ರಚನೆಗಳನ್ನು ಬರೆಯುತ್ತದೆ. ಹಳೆಯ ಎಂಎಫ್‌ಟಿ ದೊಡ್ಡದಿದ್ದರೆ ಅದರ ಮೊದಲ ತುಣುಕಿನ ಮೇಲೆ ಮಾತ್ರ ಹೊಸದು ಕೂರುತ್ತದೆ. ಉಳಿದ ದಾಖಲೆಗಳು ಹಾಗೇ ಇರುತ್ತವೆ. ಆದ್ದರಿಂದ ಇಲ್ಲಿ ಪಾರ್ಟಿಷನ್ ಮರಳಿಸಲು ಹೋಗಬೇಡಿ. ಇಮೇಜ್ ತೆಗೆದು, ಎಂಎಫ್‌ಟಿ ದಾಖಲೆ ಹುಡುಕುವ ಸಾಫ್ಟ್‌ವೇರ್‌ನಿಂದ ಫೈಲುಗಳನ್ನು ಹೊರಗೆ ಕಾಪಿ ಮಾಡಿಕೊಳ್ಳಿ. ಬಹಳಷ್ಟು ಫೈಲುಗಳು ಹೆಸರಿನ ಸಮೇತ ಬರುವ ಸಾಧ್ಯತೆ ಇದೆ. ಇದೆಲ್ಲ ತಿರುಗುವ ಹಾರ್ಡ್ ಡಿಸ್ಕಿನ ಮಾತು. ತಿರುಗುವ ತಟ್ಟೆಯ ಬದಲು ಚಿಪ್‌ಗಳಿರುವ ಎಸ್‌ಎಸ್‌ಡಿ ಆಗಿದ್ದರೆ ಕಥೆ ಬೇರೆ, ಮುಂದೆ ಹೇಳಿದ್ದೇನೆ.

ಪ್ರಶ್ನೆ: ಫೋಟೋರೆಕ್ ಓಡಿಸಿದೆ. ಸಾವಿರಾರು ಫೈಲ್ ಬಂದವು, ಖುಷಿಯಾಯಿತು. ಆದರೆ ಒಂದಕ್ಕೂ ಹೆಸರಿಲ್ಲ. ‘ಎಫ್’ ಅಕ್ಷರ, ಅದರ ಮುಂದೆ ಉದ್ದದ ಸಂಖ್ಯೆ. ಫೋಲ್ಡರುಗಳೂ ಇಲ್ಲ. ಇವನ್ನು ವಿಂಗಡಿಸುವುದು ಹೇಗೆ?

ಉತ್ತರ: ಫೋಟೋರೆಕ್ ಫೈಲ್ ಸಿಸ್ಟಮನ್ನು ನಂಬುವುದೇ ಇಲ್ಲ. ಡಿಸ್ಕಿನ ಒಂದೊಂದೇ ತುಣುಕು ಓದುತ್ತ, ಇದು ಯಾವ ಬಗೆಯ ಫೈಲಿನ ಶುರು ಎಂದು ಗುರುತಿಸುತ್ತದೆ. ಜೆಪೆಗ್ ಫೋಟೋ ಆದರೆ ಮೊದಲ ಮೂರು ಬೈಟು ಎಫ್‌ಎಫ್, ಡಿ8, ಎಫ್‌ಎಫ್. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಮುಂದೆ ‘ಪಿಡಿಎಫ್’ ಎಂಬ ಮೂರು ಅಕ್ಷರ. ಈಗಿನ ವರ್ಡ್ ಫೈಲು ಒಳಗಿನಿಂದ ಜಿಪ್ ಫೈಲೇ. ಅದು ‘ಪಿಕೆ’ ಎಂದು ಶುರುವಾಗುತ್ತದೆ. ಫೈಲಿನ ಹೆಸರು ಫೈಲಿನ ಒಳಗಿರುವುದಿಲ್ಲ, ಎಂಎಫ್‌ಟಿಯಂಥ ಪಟ್ಟಿಯಲ್ಲಿರುತ್ತದೆ. ಆ ಪಟ್ಟಿಯನ್ನು ನೋಡದ ಕಾರಣ ಹೆಸರು ಬರುವುದಿಲ್ಲ. ಇದನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆದರೂ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಸುಳಿವಿದೆ. ಹೆಸರಿನಲ್ಲಿರುವ ಸಂಖ್ಯೆ ಸುಮ್ಮನೆ ಹಾಕಿದ್ದಲ್ಲ. ಫೈಲು ಯಾವ ಸೆಕ್ಟರಿನಿಂದ ಶುರುವಾಗಿತ್ತು ಎಂಬುದೇ ಆ ಸಂಖ್ಯೆ. ಒಟ್ಟಿಗೆ ಕಾಪಿ ಮಾಡಿದ ಫೈಲುಗಳು ಡಿಸ್ಕಿನಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಸೇರಿಸಿ ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಒಂದು ಸಮಾರಂಭದ ಫೋಟೋಗಳು ಬಹುಮಟ್ಟಿಗೆ ಒಟ್ಟಿಗೇ ಸಿಗುತ್ತವೆ. ನಿಮಗೆ ಬೇಕಾದ ಒಂದು ಕರಡು ಸಿಕ್ಕಿದರೆ ಅದರ ಆಚೀಚಿನ ಸಂಖ್ಯೆಗಳನ್ನು ತೆರೆದು ನೋಡಿ. ಉಳಿದ ಅಧ್ಯಾಯಗಳು ಅಲ್ಲೇ ಇರಬಹುದು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಲ ಕೈಹಿಡಿದದ್ದು ಇದೇ ದಾರಿ. ಆದ್ದರಿಂದ ವಿಂಗಡಿಸುವ ಮೊದಲು ಫೈಲುಗಳ ಹೆಸರು ಬದಲಿಸಬೇಡಿ.

ಹೆಸರು ‘ಟಿ’ ಅಕ್ಷರದಿಂದ ಶುರುವಾಗುವ ಜೆಪೆಗ್‌ಗಳು ಫೋಟೋಗಳ ಒಳಗೆ ಅಡಗಿರುವ ಚಿಕ್ಕ ಪ್ರತಿಗಳು. ಅವನ್ನು ಬೇರೆ ಫೋಲ್ಡರಿಗೆ ಸರಿಸಿ, ಅಳಿಸಬೇಡಿ. ದೊಡ್ಡ ಫೋಟೋ ಹಾಳಾಗಿದ್ದರೆ ಅದರ ಈ ಚಿಕ್ಕ ಪ್ರತಿಯಾದರೂ ಉಳಿದಿರಬಹುದು. ಕ್ಯಾಮೆರಾದ ಫೋಟೋಗಳಲ್ಲಿ ತೆಗೆದ ದಿನಾಂಕ ಫೈಲಿನ ಒಳಗೇ ಇರುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಆ ದಿನಾಂಕ ಓದಿ ವರ್ಷ, ತಿಂಗಳಿನ ಫೋಲ್ಡರುಗಳಿಗೆ ತಾನೇ ಹಂಚುತ್ತದೆ.

ಕೆಲವು ವಿಡಿಯೊಗಳು ತೆರೆಯುತ್ತಿಲ್ಲ ಎಂದೂ ಬರೆದಿದ್ದೀರಿ. ದೊಡ್ಡ ಫೈಲುಗಳು ಎಷ್ಟೋ ಸಲ ಡಿಸ್ಕಿನಲ್ಲಿ ತುಂಡು ತುಂಡಾಗಿ ಬೇರೆ ಬೇರೆ ಕಡೆ ಕೂತಿರುತ್ತವೆ. ಎಲ್ಲಿ ಯಾವ ತುಂಡು ಎಂದು ಹೇಳುವ ಪಟ್ಟಿ ಇಲ್ಲದೆ ಅವನ್ನು ಜೋಡಿಸುವುದು ಬಹಳ ಕಷ್ಟ.

ಪ್ರಶ್ನೆ: ನನ್ನ ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆ ಎಂದು ಕೇಳಿದೆ. ಮುಚ್ಚಳ ತೆಗೆದು ಮುಳ್ಳನ್ನು ಸರಿಸಿದರೆ, ಅಥವಾ ಅದೇ ಮಾಡೆಲಿನ ಸರ್ಕಿಟ್ ಬೋರ್ಡ್ ಹಾಕಿದರೆ ಹೇಗೆ?

ಉತ್ತರ: ದಯವಿಟ್ಟು ಮೂರೂ ಬೇಡ. ಡಿಸ್ಕಿಗೆ ಕರೆಂಟ್ ಕೊಡುವುದನ್ನೇ ಈಗ ನಿಲ್ಲಿಸಿ.

ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಕಣ್ಣಿಗೆ ಕಾಣದ ಧೂಳಿನ ಕಣ ಕೂಡ ಆ ಸಂದಿಗೆ ಎಷ್ಟೋ ಪಟ್ಟು ದೊಡ್ಡದು. ಮುಚ್ಚಳ ತೆಗೆದ ಕೂಡಲೇ ಅಂಥ ಕಣಗಳು ತಟ್ಟೆಯ ಮೇಲೆ ಕೂರುತ್ತವೆ. ಫ್ರೀಜರಿನಿಂದ ಹೊರಗೆ ತಂದರೆ ತೇವ ಹನಿಗಟ್ಟುತ್ತದೆ. ಟಕ್ ಟಕ್ ಸದ್ದು ಎಂದರೆ ಹೆಚ್ಚಾಗಿ ಹೆಡ್‌ಗೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುತ್ತಿದೆ. ಹಾಳಾದ ಹೆಡ್ ತಟ್ಟೆಗೆ ಉಜ್ಜಿದರೆ ಮಾಹಿತಿ ಇರುವ ಪದರವೇ ಕಿತ್ತುಹೋಗುತ್ತದೆ. ಅದನ್ನು ಯಾರೂ ಮರಳಿ ತರಲಾರರು. ‘ಇನ್ನೊಂದೇ ಒಂದು ಸಲ ಆನ್ ಮಾಡಿ ನೋಡೋಣ’ ಎಂದು ಮನಸ್ಸು ಹೇಳುತ್ತದೆ. ಕೇಳಬೇಡಿ.

ಬೋರ್ಡ್ ಬದಲಿಸುವುದು ಬಹಳ ಹಳೆಯ ಡಿಸ್ಕುಗಳಿಗೆ ನಡೆಯುತ್ತಿತ್ತು. ಈಗ ಪ್ರತಿ ಡಿಸ್ಕಿನ ಹೆಡ್‌ಗಳಿಗೆ ಹೊಂದುವ ಅಳತೆಗಳನ್ನು ಕಾರ್ಖಾನೆಯಲ್ಲೇ ಬೋರ್ಡಿನ ಒಂದು ಚಿಪ್‌ನಲ್ಲಿ ಬರೆದಿರುತ್ತಾರೆ. ಆ ಚಿಪ್ ಅಥವಾ ಅದರಲ್ಲಿರುವ ಮಾಹಿತಿಯನ್ನು ಹೊಸ ಬೋರ್ಡಿಗೆ ಸಾಗಿಸದಿದ್ದರೆ ಮಾಡೆಲ್ ಒಂದೇ ಆದರೂ ಪ್ರಯೋಜನವಿಲ್ಲ.

ಧೂಳಿಲ್ಲದ ಕೋಣೆ ಇರುವ ರಿಕವರಿ ಲ್ಯಾಬ್‌ಗೆ ಕೊಡಿ. ಕೊಡುವ ಮೊದಲು ಕೆಲವು ವಿಷಯ ಕೇಳಿ. ಮೊದಲು ಪರೀಕ್ಷೆ ಮಾಡಿ ತೊಂದರೆ ಏನೆಂದು ಹೇಳುತ್ತಾರೆಯೇ? ಸಿಕ್ಕ ಫೈಲುಗಳ ಪಟ್ಟಿ ತೋರಿಸಿ ಆಮೇಲೆ ಹಣ ಕೇಳುತ್ತಾರೆಯೇ? ನಿಮ್ಮ ಒಪ್ಪಿಗೆ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ ಎಂದು ಬರೆದುಕೊಡುತ್ತಾರೆಯೇ? ನೀವೂ ಸತ್ಯ ಹೇಳಿ. ಬಿದ್ದಿದ್ದರೆ ಬಿತ್ತು ಎನ್ನಿ, ತೆರೆದಿದ್ದರೆ ತೆರೆದೆ ಎನ್ನಿ. ಮುಚ್ಚಿಟ್ಟರೆ ಅವರು ಕರೆಂಟ್ ಕೊಟ್ಟು ನೋಡುತ್ತಾರೆ, ನಷ್ಟ ನಿಮ್ಮದೇ ಆಗುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯಿಂದ ಒಂದು ಫೋಲ್ಡರ್ ಅಳಿಸಿ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ರಿಕವರಿ ಸಾಫ್ಟ್‌ವೇರ್ ಹೆಸರುಗಳನ್ನು ತೋರಿಸುತ್ತಿದೆ, ಆದರೆ ಫೈಲುಗಳೆಲ್ಲ ಖಾಲಿ.

ಉತ್ತರ: ಇದಕ್ಕೆ ಸುಳ್ಳು ಸಮಾಧಾನ ಹೇಳಲಾರೆ. ಎಸ್‌ಎಸ್‌ಡಿಯಲ್ಲಿ ಫೈಲು ಅಳಿಸಿದಾಗ ‘ಈ ಜಾಗ ಇನ್ನು ಬೇಡ’ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. 2009ರಲ್ಲಿ ಬಂದ ವಿಂಡೋಸ್ 7ರಿಂದ ಇದು ಇದೆ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ ಬರುತ್ತವೆ. ಹೆಸರು ಎಂಎಫ್‌ಟಿಯಲ್ಲಿ ಉಳಿದಿದೆ, ಒಳಗಿನದು ಇಲ್ಲ. ನೀವು ನೋಡುತ್ತಿರುವುದು ಅದನ್ನೇ. ಇನ್ನಷ್ಟು ಸಾಫ್ಟ್‌ವೇರ್‌ಗೆ ಹಣ ಹಾಕಬೇಡಿ.

ಆ ಶ್ರಮವನ್ನು ಬೇರೆ ಕಡೆ ಹಾಕಿ. ಆ ಫೈಲುಗಳನ್ನು ಯಾರಿಗಾದರೂ ಮೇಲ್ ಮಾಡಿದ್ದಿರಾ? ‘ಸೆಂಟ್’ ಫೋಲ್ಡರ್ ನೋಡಿ. ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳಿಗೆ ಅವುಗಳದೇ ಕಸದ ಬುಟ್ಟಿ ಇದೆ, ಅದಕ್ಕೂ ಗಡುವು ಇದೆ, ಇವತ್ತೇ ನೋಡಿ. ಅಳಿಸಿದ ಫೋಲ್ಡರ್ ಯಾವುದರ ಒಳಗಿತ್ತೋ ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರೀವಿಯಸ್ ವರ್ಷನ್ಸ್’ ಇದೆಯೇ ನೋಡಿ. ಫೋನಿನಿಂದ ಬಂದ ಫೋಟೋ ಆಗಿದ್ದರೆ ಹಳೆಯ ಫೋನನ್ನೂ ಚಾರ್ಜ್ ಮಾಡಿ ತೆರೆಯಿರಿ.

ಯುಎಸ್‌ಬಿ ಡಬ್ಬಿಯಲ್ಲಿರುವ ಎಸ್‌ಎಸ್‌ಡಿ ಆದರೆ ಪ್ರಯತ್ನಿಸಿ ನೋಡಬಹುದು. ಕೆಲವು ಡಬ್ಬಿಗಳು ಟ್ರಿಮ್ ಆಜ್ಞೆಯನ್ನು ಒಳಗೆ ಕಳಿಸುವುದಿಲ್ಲ.

ಪ್ರಶ್ನೆ: ಎಕ್ಸ್‌ಟರ್ನಲ್ ಡಿಸ್ಕಿನ ಯುಎಸ್‌ಬಿ ಪೋರ್ಟ್ ಮುರಿಯಿತು. ಡಬ್ಬಿ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಹಾಕಿದರೆ ಪಾರ್ಟಿಷನ್ನೇ ಇಲ್ಲ, ‘ಇನಿಶಿಯಲೈಸ್ ಮಾಡಿ’ ಎನ್ನುತ್ತದೆ.

ಉತ್ತರ: ಇನಿಶಿಯಲೈಸ್ ಮಾಡಬೇಡಿ. ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲದಿರಬಹುದು. ಡಬ್ಬಿಯ ಒಳಗಿನ ಚಿಕ್ಕ ಬೋರ್ಡ್ ಬರೀ ಕನೆಕ್ಟರ್ ಅಲ್ಲ. ಕೆಲವು ಬೋರ್ಡುಗಳು 512 ಬೈಟಿನ ಸೆಕ್ಟರುಗಳನ್ನು 4096 ಬೈಟಿನವೆಂದು ತೋರಿಸುತ್ತವೆ. ಬೋರ್ಡ್ ತೆಗೆದರೆ ಪಾರ್ಟಿಷನ್ ಟೇಬಲ್ಲಿನ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನು ಕೆಲವು, ನೀವು ಪಾಸ್‌ವರ್ಡ್ ಇಡದಿದ್ದರೂ, ಬರೆಯುವಾಗಲೇ ಎಲ್ಲವನ್ನೂ ಗೂಢಲಿಪಿಗೆ ಬದಲಿಸುತ್ತವೆ. ಆ ಬೋರ್ಡ್ ಇಲ್ಲದೆ ಓದಿದರೆ ಅರ್ಥವಿಲ್ಲದ ಬೈಟುಗಳು. ಹಳೆಯ ಬೋರ್ಡನ್ನು ಎಸೆಯಬೇಡಿ. ಮುರಿದ ಪೋರ್ಟ್ ಬೆಸುಗೆ ಹಾಕಿಸಿ ಅದೇ ಬೋರ್ಡ್ ಮೂಲಕ ಓದುವುದು ಎಲ್ಲಕ್ಕಿಂತ ಸುಲಭದ ದಾರಿ.

ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ ಪಾರ್ಟಿಷನ್ ಬಗ್ಗೆ ಕೇಳಿದವರಿಗೂ ಇಲ್ಲೇ ಒಂದು ಮಾತು. ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಇಲ್ಲದೆ ಮುಂದೆ ಹೋಗಲಾಗದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಾದರೆ ರಿಕವರಿ ಕೀ ಆ ಖಾತೆಯಲ್ಲೇ ಉಳಿದಿರಬಹುದು. ಮೊದಲು ಅಲ್ಲಿ ನೋಡಿ.

ಪ್ರಶ್ನೆ: ಚೆಕ್‌ಡಿಸ್ಕ್ ಆಗಲೇ ಓಡಿಸಿಬಿಟ್ಟಿದ್ದೇನೆ. ಡ್ರೈವ್ ತೆರೆಯಿತು, ಆದರೆ ಎಷ್ಟೋ ಫೋಲ್ಡರುಗಳು ಮಾಯ.

ಉತ್ತರ: ಎಕ್ಸ್‌ಪ್ಲೋರರ್‌ನಲ್ಲಿ ಅಡಗಿದ ಫೈಲುಗಳನ್ನೂ ಸಿಸ್ಟಮ್ ಫೈಲುಗಳನ್ನೂ ತೋರಿಸುವಂತೆ ಮಾಡಿ. ಡ್ರೈವಿನ ಮೊದಲ ಮಟ್ಟದಲ್ಲೇ ‘ಫೌಂಡ್’ ಎಂಬ ಹೆಸರಿಗೆ 000 ಅಂಟಿಕೊಂಡಿರುವ ಫೋಲ್ಡರ್ ಇದೆಯೇ ನೋಡಿ. ಮನೆ ತಪ್ಪಿದ ಫೈಲುಗಳನ್ನು ಚೆಕ್‌ಡಿಸ್ಕ್ ಅಲ್ಲಿ ಹಾಕಿರುತ್ತದೆ. ‘ಡಿರ್’ ಎಂದು ಶುರುವಾಗುವವು ಇಡೀ ಫೋಲ್ಡರುಗಳು, ಅವುಗಳ ಒಳಗಿನ ಫೈಲುಗಳಿಗೆ ಹಳೆಯ ಹೆಸರು ಉಳಿದಿರುತ್ತದೆ. ‘ಫೈಲ್’ ಎಂದು ಶುರುವಾಗುವವು ಬಿಡಿ ಫೈಲುಗಳು, ಅವಕ್ಕೆ ಸರಿಯಾದ ಎಕ್ಸ್‌ಟೆನ್ಷನ್ ನೀವೇ ಕೊಡಬೇಕು. ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿದ ಮೇಲೆ ಈ ಕೆಲಸ ಮಾಡಿ.

ಪ್ರಶ್ನೆ: ಹಳೆಯ ಡಿಸ್ಕಿನಿಂದ ಲೇಖನಗಳು ಮರಳಿ ಬಂದವು. ಆದರೆ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕಿ, ಟೊಪ್ಪಿಗೆ ಇರುವ ವಿಚಿತ್ರ ಸಾಲುಗಳು. ಫೈಲ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ) ಬಳಕೆಗೆ ಬರುವ ಮೊದಲು ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನಗಳಿರಬೇಕು ಅವು. ಆಗ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಹಾಕಿ, ಪೂರ್ತಿ ಪಠ್ಯ ಆಯ್ಕೆ ಮಾಡಿ ಫಾಂಟ್ ಬದಲಿಸಿ. ನಿಮ್ಮ ಬರಹ ಹಾಗೇ ಕಾಣುತ್ತದೆ. ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ರಿಕವರಿ ಮಾಡಿಕೊಟ್ಟವರು ಇಂಥ ಫೈಲುಗಳನ್ನು ‘ಹಾಳಾದವು’ ಎಂದು ಬಿಟ್ಟುಬಿಡುವ ಅಪಾಯವಿದೆ. ಮೊದಲೇ ಹೇಳಿ.

ಪ್ರಶ್ನೆ: ಫೈಲುಗಳೆಲ್ಲ ಸಿಕ್ಕವು, ಧನ್ಯವಾದ. ಈಗ ಆ ಡಿಸ್ಕನ್ನೇ ಮತ್ತೆ ಬಳಸಬಹುದೇ?

ಉತ್ತರ: ಓದಿ ಬಹಳ ಸಂತೋಷವಾಯಿತು. ಎಲ್ಲ ಫೈಲು ತೆರೆದು ನೋಡುವವರೆಗೆ ಡಿಸ್ಕನ್ನು ಮುಟ್ಟಬೇಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನಾಲ್ಕು ಸಾಲು ನೋಡಿ. 05 ಎಂದರೆ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳು. ಸಿ5 ಓದಲು ಬಾರದೆ ಕಾದಿರುವವು. ಸಿ6 ಸರಿಪಡಿಸಲಾಗದವು. ಸಿ7 ಮಾಹಿತಿ ಸಾಗುವಾಗ ಆದ ತಪ್ಪುಗಳು. ಮೊದಲ ಮೂರೂ ಸೊನ್ನೆಯಾಗಿದ್ದು ಸಿ7 ಮಾತ್ರ ಏರಿದ್ದರೆ ತೊಂದರೆ ಕೇಬಲ್ಲಿನದು ಇರಬಹುದು. ಕೇಬಲ್ ಬದಲಿಸಿ, ಪೂರ್ತಿ ಫಾರ್ಮ್ಯಾಟ್ ಮಾಡಿ, ಮತ್ತೆ ಅದೇ ಸಾಲುಗಳನ್ನು ನೋಡಿ. ಆಗಲೂ ಸೊನ್ನೆ ಇದ್ದರೆ ಎರಡನೆಯ ಪ್ರತಿ ಇಡಲು ಬಳಸಿ. ಸಿ5 ಅಥವಾ ಸಿ6ರಲ್ಲಿ ಅಂಕಿ ಕಂಡರೆ ಅದಕ್ಕೆ ಇನ್ನು ಏನನ್ನೂ ಒಪ್ಪಿಸಬೇಡಿ.

ಮುಂದಿನ ಸಂಚಿಕೆಗೆ ಈ ವಿಷಯದ ಪ್ರಶ್ನೆ ಕಳಿಸುವವರು ಇಷ್ಟು ಬರೆಯಿರಿ: ಡಿಸ್ಕಿನ ಗಾತ್ರ, ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ, ಯಾವ ಫೈಲ್ ಸಿಸ್ಟಮ್, ತೊಂದರೆ ಶುರುವಾಗುವ ಮುಂಚೆ ಏನು ಮಾಡುತ್ತಿದ್ದಿರಿ, ಆಮೇಲೆ ಏನೇನು ಪ್ರಯತ್ನಿಸಿದಿರಿ, ಸದ್ದು ಹೇಗಿದೆ. ಯಾವ ಫೈಲು ಎಲ್ಲಕ್ಕಿಂತ ಮೊದಲು ಬೇಕು ಎಂಬುದನ್ನೂ ಬರೆಯಿರಿ. ದಾರಿ ಆರಿಸುವುದು ಅದರ ಮೇಲೆ.